ತಂಗಳು ಪೆಟ್ಟಿಗೆಯ ಪ್ರಯಾಣ



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡದ ಬಗೆಗೋ ಕೊಲೆಸ್ಟರಾಲಿನ ಬಗೆಗೋ ಮಾತನಾಡುತ್ತಾರೆಂದು ಸಭಿಕರು ನಿರೀಕ್ಷಿಸುವುದು ಸಹಜ. ಮನೆ ಬದಲಾಯಿಸುವಾಗ ಫ್ರಿಜ್ಜನ್ನು ಸುರಕ್ಷಿತವಾಗಿ ಸಾಗಿಸುವುದು ಹೇಗೆ ಎಂಬುದೇ ನಮ್ಮ ವಿಷಯವೆಂದು ತಿಳಿಸಿದಾಗ ಸಮಿತಿಯವರು ದೂರವಾಣಿಯಲ್ಲಿ ಕ್ಷಣಕಾಲ ಮೌನವಾದರು. ಆದರೆ ಶಾಲೆಗೆ ಬೇಸಿಗೆ ರಜೆ ಬಂದೊಡನೆ ನಮ್ಮ ಕೂಟದಲ್ಲಿ ಹಲವು ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಊರಿನ ಹಿರಿಯರು ಹಾಸ್ಯಕ್ಕೆ 'ತಂಗಳು ಪೆಟ್ಟಿಗೆ' ಎಂದು ಕರೆಯುವ ಈ ವಸ್ತು ಆ ದಿನಗಳಲ್ಲಿ ಎಷ್ಟು ಅನಾಹುತಗಳಿಗೆ ಕಾರಣವಾಗಬಲ್ಲದೆಂಬುದನ್ನು ನಾವು ನಮ್ಮ ಮನೆಯಲ್ಲೇ ಕಂಡಿದ್ದೇವೆ. ಮೊದಲು ಆ ಪ್ರಸಂಗವನ್ನು ಹೇಳಿ ಅನಂತರ ವಿಷಯಕ್ಕೆ ಬರುತ್ತೇವೆ.

ಅದು 1998ರ ಜೂನ್ ತಿಂಗಳ ಕೊನೆಯ ವಾರ. ಈ ದೇಶದಲ್ಲಿ ರೆಸಿಡೆನ್ಸಿಯ ವರ್ಷ ಸಾಮಾನ್ಯವಾಗಿ ಜುಲೈ ಮೊದಲ ದಿನ ಆರಂಭವಾಗುವುದರಿಂದ ಎಳೆಯ ವೈದ್ಯರೆಲ್ಲ ಆ ವಾರವೇ ಮನೆ ಬದಲಾಯಿಸುತ್ತಾರೆ. ಓದು ಮುಗಿಸಿ ಹೊರಟಿದ್ದ ವಿದ್ಯಾರ್ಥಿಯೊಬ್ಬರಿಂದ ನಾವು ಹಳೆಯ ಫ್ರಿಜ್ಜೊಂದನ್ನು ಕೊಂಡೆವು. ಸ್ನೇಹಿತರೊಬ್ಬರ ಪಿಕಪ್ ಟ್ರಕ್ಕಿನಲ್ಲಿ ಅದನ್ನು ಅಂಗಾತ ಮಲಗಿಸಿ, ಹಗ್ಗ ಬಿಗಿದು, ನಲವತ್ತು ಮೈಲಿ ದೂರದ ಬಾಡಿಗೆ ಮನೆಗೆ ಒಯ್ದೆವು. ನಾಲ್ವರು ಸೇರಿ ಕೈಯಿಂದಲೇ ಮೆಟ್ಟಿಲು ಹತ್ತಿಸಿದೆವು. ಅಡುಗೆಮನೆಯಲ್ಲಿ ನಿಲ್ಲಿಸಿದ ಐದೇ ನಿಮಿಷದಲ್ಲಿ ಪ್ಲಗ್ ಚುಚ್ಚಿ, ಮೊಸರು, ಹಾಲು, ತರಕಾರಿಗಳನ್ನು ತುಂಬಿದೆವು. ಆಗ ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಅವರ ಔಷಧದ ಚೀಲ ಇಡೀ ದಿನ ಬಿಸಿಲಿನಲ್ಲಿ ನಿಂತ ಕಾರಿನೊಳಗಿತ್ತು. ಸಂಜೆ ಅದನ್ನೂ ತಂದು ಫ್ರಿಜ್ಜಿನಲ್ಲಿಟ್ಟು ನಿಶ್ಚಿಂತರಾದೆವು.

ಮರುದಿನವೇ ತಾಯಿಯವರು "ಬಾಯಿ ಒಣಗುತ್ತಿದೆ, ಎಷ್ಟು ನೀರು ಕುಡಿದರೂ ಸಾಲದು" ಎಂದರು. ಮನೆ ಬದಲಾಯಿಸಿದ ಆಯಾಸವೆಂದು ನಾವು ತಳ್ಳಿಹಾಕಿದೆವು. ಮೂರನೆಯ ದಿನ ರಾತ್ರಿ ರಕ್ತದ ಸಕ್ಕರೆ ನೋಡಿದರೆ ಮುನ್ನೂರು ದಾಟಿತ್ತು. ಔಷಧದ ಪ್ರಮಾಣ ಹಿಂದಿನಷ್ಟೇ ಇತ್ತು, ಊಟವೂ ಎಂದಿನದೇ ಆಗಿತ್ತು. ಆದರೆ ಇನ್ಸುಲಿನ್ ಬಿಸಿಗೆ ಶಕ್ತಿ ಕಳೆದುಕೊಂಡಿತ್ತು. ಹೊಸ ಸೀಸೆ ತಂದ ಮೇಲೆ ಸಕ್ಕರೆ ಹತೋಟಿಗೆ ಬಂತು. ಅದೇ ವಾರ ಫ್ರಿಜ್ಜು ಕರ್ಕಶವಾಗಿ ಸದ್ದು ಮಾಡುತ್ತ ನಿಂತುಹೋಯಿತು. ಹೊತ್ತ ನಾಲ್ವರಲ್ಲಿ ಒಬ್ಬರು ಬೆನ್ನುನೋವಿನಿಂದ ಮೂರು ವಾರ ನರಳಿದರು. ವೈದ್ಯಕೀಯ ಓದಿದ ನಾಲ್ವರು ಸೇರಿ ಒಂದೇ ದಿನದಲ್ಲಿ ಮಾಡಿದ ತಪ್ಪುಗಳಿವು. ಇವೆಲ್ಲಕ್ಕೂ ಮೂಲ ಒಂದೇ: ಅವಸರ.

ಈಗ ಯಂತ್ರದ ವಿಚಾರ. ಫ್ರಿಜ್ಜಿನ ಹಿಂಭಾಗದ ತಳದಲ್ಲಿ ಕಂಪ್ರೆಸರ್ ಎಂಬ ಮುಚ್ಚಿದ ಉಕ್ಕಿನ ಡಬ್ಬಿ ಇರುತ್ತದೆ. ಅದರೊಳಗೆ ಮೋಟಾರೂ ಪಂಪೂ ಇದ್ದು, ಅವು ಸವೆಯದಂತೆ ಕಾಪಾಡುವ ಎಣ್ಣೆ ತಳದಲ್ಲಿ ನಿಂತಿರುತ್ತದೆ. ಫ್ರಿಜ್ಜನ್ನು ಮಲಗಿಸಿದರೆ ಈ ಎಣ್ಣೆ ಡಬ್ಬಿಯನ್ನು ಬಿಟ್ಟು ಕೊಳವೆಗಳಿಗೆ ಹರಿಯಬಹುದು. ಒಡನೆಯೇ ವಿದ್ಯುತ್ ಕೊಟ್ಟರೆ ಎಣ್ಣೆ ಸಾಲದೆ ಭಾಗಗಳು ಒಂದಕ್ಕೊಂದು ಉಜ್ಜುತ್ತವೆ. ಅಥವಾ ಅನಿಲವನ್ನು ಮಾತ್ರ ಒತ್ತಬೇಕಾದ ಪಂಪಿನೊಳಗೆ ದ್ರವ ನುಗ್ಗಿ ಅದರ ಕವಾಟಗಳು ಹಾಳಾಗಬಹುದು. ಆದುದರಿಂದ ಫ್ರಿಜ್ಜು ನಿಂತೇ ಪ್ರಯಾಣ ಮಾಡಬೇಕು. ಬಾಗಿಲು ದಾಟಿಸುವಾಗ ಸ್ವಲ್ಪ ಹೊತ್ತು ಓರೆ ಮಾಡಿದರೆ ದೋಷವಿಲ್ಲ. ಮಲಗಿಸಲೇಬೇಕಾದ ಸಂದರ್ಭ ಬಂದಿತೆಂದರೆ, ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತಾದರೂ ನೆಟ್ಟಗೆ ನಿಲ್ಲಿಸಿ ಅನಂತರ ಚಾಲನೆ ಮಾಡಬೇಕು. ಇಡೀ ದಿನ ಮಲಗಿದ್ದರೆ ಇಡೀ ದಿನ ಕಾಯುವುದು ಲೇಸು. ತಯಾರಕರ ಕೈಪಿಡಿಯಲ್ಲಿ ಇದಕ್ಕಿಂತ ಹೆಚ್ಚಿನ ಅವಧಿ ಹೇಳಿದ್ದರೆ ಅದನ್ನೇ ಪಾಲಿಸತಕ್ಕದ್ದು.

ಹೊರಡುವ ಮೊದಲಿನ ಸಿದ್ಧತೆ ಎರಡು ದಿನದ್ದು. ಮೊದಲು ಅಳತೆ: ಫ್ರಿಜ್ಜಿನ ಅಗಲ, ಆಳ, ಎತ್ತರಗಳನ್ನು ಹೊಸ ಮನೆಯ ಬಾಗಿಲು, ತಿರುವು, ಮೆಟ್ಟಿಲುಗಳ ಅಳತೆಯೊಡನೆ ಹೋಲಿಸಬೇಕು. ಇಲ್ಲಿನ ದೊಡ್ಡ ಫ್ರಿಜ್ಜುಗಳು ಸುಮಾರು 36 ಅಂಗುಲ ಅಗಲವಿರುತ್ತವೆ. ಮನೆಯ ಒಳಬಾಗಿಲುಗಳು ಅನೇಕ ವೇಳೆ 30 ಅಥವಾ 32 ಅಂಗುಲ ಮಾತ್ರ. ಟ್ರಕ್ಕಿನವರು ಅಂಗಳದಲ್ಲಿ ನಿಂತಿರುವಾಗ ಇದು ತಿಳಿಯಬಾರದು. ಹಲವು ಫ್ರಿಜ್ಜುಗಳ ಬಾಗಿಲನ್ನು ಕೈಪಿಡಿಯಂತೆ ಕಳಚಿ ಒಳಸೇರಿಸಬಹುದು.

ಹಿಂದಿನ ದಿನವೇ ವಿದ್ಯುತ್ ಕಡಿದು, ಬಾಗಿಲು ತೆರೆದಿಟ್ಟು, ಹೆಪ್ಪುಗಟ್ಟಿದ ಮಂಜನ್ನು ಕರಗಲು ಬಿಡಬೇಕು. ಬೇಗ ಆಗಲೆಂದು ಚಾಕುವಿನಿಂದ ಕೆರೆಯುವುದು ದೊಡ್ಡ ತಪ್ಪು. ಮಂಜಿನ ಹಿಂದೆಯೇ ತಂಪು ನೀಡುವ ಅನಿಲದ ಕೊಳವೆಗಳಿರುತ್ತವೆ. ಈಗಿನ ಬಹುತೇಕ ಹೊಸ ಫ್ರಿಜ್ಜುಗಳಲ್ಲಿ ಆರ್-600ಎ ಎಂದು ಗುರುತಿಸುವ ಐಸೋಬ್ಯೂಟೇನ್ ಅನಿಲವಿದೆ. ಓಝೋನ್ ಪದರಕ್ಕೆ ಅದರಿಂದ ಹಾನಿಯಿಲ್ಲ, ಆದರೆ ಅದು ಉರಿಯುವ ಅನಿಲ. ಕೊಳವೆ ತೂತಾಗಿ 'ಸುಸ್' ಎಂಬ ಸದ್ದು ಕೇಳಿಸಿದರೆ ದೀಪ ಹಚ್ಚದೆ, ಸ್ವಿಚ್ಚು ಮುಟ್ಟದೆ, ಕಿಟಕಿಗಳನ್ನು ತೆರೆದು ಎಲ್ಲರೂ ಹೊರಬರಬೇಕು. ಮಂಜು ಕರಗಿದ ಮೇಲೆ ಒಳಗಿನ ನೀರನ್ನು ಒರೆಸಿ, ಗಾಜಿನ ಹಲಗೆಗಳನ್ನೂ ತರಕಾರಿಯ ಡಬ್ಬಗಳನ್ನೂ ತೆಗೆದು ಬೇರೆಯಾಗಿ ಸುತ್ತಬೇಕು. ಮಂಜುಗಡ್ಡೆ ಮಾಡುವ ಸೌಲಭ್ಯವಿದ್ದರೆ ಗೋಡೆಯ ನಲ್ಲಿಯನ್ನು ಮುಚ್ಚಿ ನೀರಿನ ಕೊಳವೆಯನ್ನು ಬಿಡಿಸಬೇಕು. ಬಾಗಿಲುಗಳನ್ನು ಪಟ್ಟಿಯಿಂದ ಬಿಗಿದು, ಮೈಗೆ ಕಂಬಳಿ ಹೊದಿಸಿದರೆ ಫ್ರಿಜ್ಜು ಪ್ರಯಾಣಕ್ಕೆ ಸಿದ್ಧ.

ಇನ್ನು ಒಳಗಿನ ಪದಾರ್ಥಗಳು. ಹೊರಡುವ ವಾರದಲ್ಲಿ ಹೊಸದಾಗಿ ತರುವುದನ್ನು ನಿಲ್ಲಿಸಿ ಇದ್ದುದನ್ನೇ ಖಾಲಿ ಮಾಡುತ್ತ ಬರುವುದು ಜಾಣತನ. ಉಳಿದವನ್ನು ಮಂಜುಗಡ್ಡೆ ತುಂಬಿದ ಕೂಲರಿನಲ್ಲಿ ಒಯ್ಯಬೇಕು. ಬೇಗ ಕೆಡುವ ಆಹಾರ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್, ಮೀರಿದ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಎಸೆಯಬೇಕೆಂಬುದು ಈ ದೇಶದ ಆಹಾರ ಇಲಾಖೆಯ ನಿಯಮ. ಹೊರಗಿನ ಬಿಸಿ 90 ಡಿಗ್ರಿ ಫ್ಯಾರನ್‌ಹೀಟ್ ಮೀರಿದ್ದರೆ ಒಂದೇ ಗಂಟೆ. "ಮತ್ತೊಮ್ಮೆ ಚೆನ್ನಾಗಿ ಕುದಿಸಿದರಾಯಿತು" ಎಂಬ ನಮ್ಮ ಮನೆಗಳ ಮಾತು ಎಲ್ಲ ವೇಳೆ ನಿಜವಲ್ಲ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ಉಂಟುಮಾಡುವ ವಿಷ ಕುದಿಸಿದರೂ ನಾಶವಾಗದು. ದೋಸೆಹಿಟ್ಟಿನ ವಿಚಾರ ಬೇರೆಯದು. ತಂಪು ತಪ್ಪಿದೊಡನೆ ಅದು ಉಬ್ಬಿ, ಮುಚ್ಚಳವನ್ನು ತಳ್ಳಿ, ಕಾರಿನ ತುಂಬ ಹರಡುತ್ತದೆ. ಅದನ್ನು ಹಿಂದಿನ ರಾತ್ರಿಯೇ ಹುಯ್ದು ತಿಂದು ಮುಗಿಸುವುದು ಕ್ಷೇಮ.

ಔಷಧಗಳನ್ನು ಟ್ರಕ್ಕಿಗಾಗಲಿ ಕಾರಿನ ಡಿಕ್ಕಿಗಾಗಲಿ ಒಪ್ಪಿಸಬೇಡಿ. ಅವು ಮನೆಯವರ ಕೈಚೀಲದಲ್ಲೇ ಇರಬೇಕು. ತೆರೆಯದ ಇನ್ಸುಲಿನ್ ಸೀಸೆ ಅಥವಾ ಪೆನ್ನು 36ರಿಂದ 46 ಡಿಗ್ರಿ ಫ್ಯಾರನ್‌ಹೀಟ್ ತಂಪಿನಲ್ಲಿರಬೇಕು. ಬಳಕೆಯಲ್ಲಿರುವುದನ್ನು ಅನೇಕ ಬಗೆಗಳಲ್ಲಿ ಸುಮಾರು 28 ದಿನ ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಇಡಬಹುದು. ಜೊತೆಗೆ ಬರುವ ಕಾಗದವನ್ನು ಓದಿ ಖಚಿತಪಡಿಸಿಕೊಳ್ಳಿ. ಬಿಸಿಯಂತೆಯೇ ಹೆಪ್ಪುಗಟ್ಟುವುದೂ ಇನ್ಸುಲಿನ್ನಿಗೆ ವೈರಿ. ಆದ್ದರಿಂದ ಸೀಸೆ ನೇರವಾಗಿ ಮಂಜುಗಡ್ಡೆಗೆ ತಗಲದಂತೆ ಬಟ್ಟೆಯಲ್ಲಿ ಸುತ್ತಿಡಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬಾರದು. ಮನೆ ಬದಲಾಯಿಸಿದ ವಾರದಲ್ಲಿ ಹಿರಿಯರ ಸಕ್ಕರೆಯನ್ನು ಎಂದಿಗಿಂತ ಹೆಚ್ಚು ಸಲ ನೋಡಿರಿ. ಅವರು ಬಾಯಾರಿಕೆ ಎಂದರೆ ಆಯಾಸವೆಂದು ತಳ್ಳಿಹಾಕಬೇಡಿ. ನಾವು ಹಾಗೆ ಮಾಡಿದ್ದನ್ನು ಇಂದಿಗೂ ಮರೆತಿಲ್ಲ.

ಮೂರನೆಯದು ಹೊರುವವರ ದೇಹ. ದೊಡ್ಡ ಫ್ರಿಜ್ಜಿನ ತೂಕ ಇನ್ನೂರರಿಂದ ಮುನ್ನೂರು ಪೌಂಡ್. ಕೆಲವು ಅದಕ್ಕೂ ಹೆಚ್ಚು. ಈ ದೇಶದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಕೈಯಿಂದ ಎತ್ತಬಹುದಾದ ಭಾರದ ಮಿತಿ 51 ಪೌಂಡ್. ಇಬ್ಬರು ಸೇರಿ 280 ಪೌಂಡ್ ಎತ್ತಿದರೆ ತಲಾ 140 ಪೌಂಡ್ ಬಿತ್ತು. ಮೆಟ್ಟಿಲಿನಲ್ಲಂತೂ ಕೆಳಗೆ ನಿಂತವರ ಮೇಲೆ ಹೆಚ್ಚಿನ ಪಾಲು ಬೀಳುತ್ತದೆ. ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತು ಶನಿವಾರ ಒಮ್ಮೆಲೇ ಬಾಗಿ ಎತ್ತುವ ನಮ್ಮಂತಹವರ ಸೊಂಟದ ಬೆನ್ನೆಲುಬಿನ ನಡುವಿನ ಮೆತ್ತೆಗಳು ಇದನ್ನು ತಾಳಲಾರವು. ಬೆಲ್ಟು ಇರುವ, ಫ್ರಿಜ್ಜಿಗೆಂದೇ ಮಾಡಿದ ಎರಡು ಚಕ್ರದ ಕೈಗಾಡಿ ಬಾಡಿಗೆಗೆ ಸಿಗುತ್ತದೆ. ಅದನ್ನು ಫ್ರಿಜ್ಜಿನ ಪಕ್ಕದ ಕಡೆಯಿಂದ ಒಳಸೇರಿಸಿ ಬಿಗಿಯಬೇಕು. ಮೆಟ್ಟಿಲಿದ್ದರೆ ಸಾಗಣೆಯ ಕೆಲಸಗಾರರನ್ನು ಕರೆಯುವುದೇ ಮೇಲು. ಅವರಿಗೆ ತೆತ್ತ ಹಣ ಬೆನ್ನಿನ ಶಸ್ತ್ರಚಿಕಿತ್ಸೆಗಿಂತ ಬಹಳ ಅಗ್ಗ.

ಭಾರ ಎತ್ತಿದ ಮೇಲೆ ಕಾಲಿನಲ್ಲಿ ಬಲ ಕುಗ್ಗಿದರೆ, ತೊಡೆಗಳ ಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಮರುದಿನಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಎದೆಯಲ್ಲಿ ಒತ್ತುವಂಥ ನೋವೋ ತಣ್ಣನೆಯ ಬೆವರೋ ಬಂದರೆ ಕೂಡಲೇ 911ಕ್ಕೆ ಕರೆ ಮಾಡಿ. ದಕ್ಷಿಣ ಏಷ್ಯಾದ ನಮ್ಮವರಲ್ಲಿ ಹೃದಯಾಘಾತ ಇತರರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುವುದನ್ನು ಅಧ್ಯಯನಗಳು ತೋರಿಸಿವೆ. "ಗ್ಯಾಸ್ ಇರಬೇಕು, ಒಂದು ಲೋಟ ಮಜ್ಜಿಗೆ ಕೊಡಿ" ಎಂದು ಕೂರುವ ಹೊತ್ತಲ್ಲ ಅದು.

ಹಳೆಯ ಫ್ರಿಜ್ಜನ್ನು ಬಿಟ್ಟುಹೋಗುವವರಿಗೂ ಎರಡು ಮಾತು. ಒಂದು ಕಾಲದಲ್ಲಿ ಫ್ರಿಜ್ಜುಗಳ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕವಿರುತ್ತಿತ್ತು. ಕಣ್ಣುಮುಚ್ಚಾಲೆ ಆಡುತ್ತ ಒಳಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತ ಪ್ರಸಂಗಗಳು ಹೆಚ್ಚಿದ್ದರಿಂದ 1956ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ವಿಧಿಸಿತು. ಈಗಿನ ಅಯಸ್ಕಾಂತದ ಬಾಗಿಲು ಅದರ ಫಲ. ಆದರೂ ಪಟ್ಟಿಯಿಂದ ಬಿಗಿದ ಅಥವಾ ಗೋಡೆಗೆ ಮುಖಮಾಡಿ ನಿಲ್ಲಿಸಿದ ಫ್ರಿಜ್ಜು ಇಂದಿಗೂ ಅಪಾಯವೇ. ಎಸೆಯುವುದಾದರೆ ಬಾಗಿಲನ್ನು ಕಳಚಿಯೇ ಹೊರಗಿಡಬೇಕು. ಒಣಗಲು ತೆರೆದಿಟ್ಟ ಫ್ರಿಜ್ಜಿನ ಬಳಿ ಚಿಕ್ಕ ಮಕ್ಕಳನ್ನು ಬಿಡಬಾರದು. ಎರಡನೆಯದಾಗಿ, ಹಳೆಯ ಫ್ರಿಜ್ಜುಗಳ ಅನಿಲವನ್ನು ಗಾಳಿಗೆ ಬಿಡುವುದು 1992ರ ಜುಲೈ 1ರಿಂದ ಇಲ್ಲಿ ಅಪರಾಧ. ಆದ್ದರಿಂದ ಅದನ್ನು ಅಧಿಕೃತವಾಗಿ ಸ್ವೀಕರಿಸುವವರಿಗೇ ಒಪ್ಪಿಸಬೇಕು.

ಊರಿಗೆ ಮರಳುವ ಕುಟುಂಬಗಳು ಇಲ್ಲಿನ ಫ್ರಿಜ್ಜನ್ನು ಬೆಂಗಳೂರಿಗೆ ಒಯ್ಯಬಹುದೇ ಎಂದು ಕೇಳುವುದುಂಟು. ಇಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್; ಅಲ್ಲಿನದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸಬಲ್ಲದು, ಹರ್ಟ್ಸನ್ನು ಬದಲಾಯಿಸಲಾರದು. 60 ಹರ್ಟ್ಸಿಗೆಂದು ಮಾಡಿದ ಸಾಮಾನ್ಯ ಮೋಟಾರು ಅಲ್ಲಿ ನಿಧಾನವಾಗಿ ತಿರುಗಿ ಬಿಸಿಯಾಗುತ್ತದೆ. ಇಲ್ಲೇ ಮಾರಿ ಅಲ್ಲೊಂದು ಕೊಳ್ಳುವುದು ಲೇಸು.

ಹೊಸ ಮನೆ ಸೇರಿದ ಮೇಲೆ ಫ್ರಿಜ್ಜಿನ ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿ, ನೇರವಾಗಿ ಗೋಡೆಯ ಪ್ಲಗ್ಗಿಗೇ ಜೋಡಿಸಬೇಕು. ಉದ್ದನೆಯ ಎಕ್ಸ್‌ಟೆನ್ಷನ್ ತಂತಿ ಬೇಡ. ಚಾಲನೆ ಮಾಡಿದೊಡನೆ ತುಂಬಬಾರದು. ಚಿಕ್ಕ ಉಷ್ಣಮಾಪಕವೊಂದನ್ನು ಒಳಗಿಟ್ಟು, 40 ಡಿಗ್ರಿಗೆ ಇಳಿದು ನಿಂತ ಮೇಲೆ ಆಹಾರವನ್ನೂ ಔಷಧವನ್ನೂ ಇಡಬೇಕು. ಇದಕ್ಕೆ ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕೂಲರಿಗೆ ಮಂಜುಗಡ್ಡೆ ಹಾಕುತ್ತಿರಿ. ನೀರಿನ ಕೊಳವೆ ಜೋಡಿಸಿದ್ದರೆ ಮೊದಲ ದಿನದ ಮಂಜುಗಡ್ಡೆಯನ್ನು ಚೆಲ್ಲಿ, ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಮರುದಿನ ನೋಡಿರಿ.

ಬಂಧುಗಳೇ, ಶಸ್ತ್ರಚಿಕಿತ್ಸೆಯಾದ ರೋಗಿಗೆ ಎಚ್ಚರವಾದೊಡನೆ ಊಟ ಬಡಿಸುವುದಿಲ್ಲ. ನಾಡಿ ಉಸಿರು ನೋಡಿ, ನಿಧಾನವಾಗಿ ಗುಟುಕು ನೀರು ಕೊಡುತ್ತೇವೆ. ಫ್ರಿಜ್ಜಿನ ವಿಷಯದಲ್ಲೂ ಅಷ್ಟೇ ತಾಳ್ಮೆ ಸಾಕು. ಹೊಸ ಮನೆಯ ಒಲೆಯ ಮೇಲೆ ಹಾಲುಕ್ಕಿಸಲು ಆ ಬೆಳಿಗ್ಗೆ ಅಂಗಡಿಯಿಂದಲೇ ಹೊಸ ಹಾಲು ತನ್ನಿರಿ. ಫ್ರಿಜ್ಜು ಮೂಲೆಯಲ್ಲಿ ಸುಮ್ಮನೆ ನಿಂತಿರಲಿ. ಹಾಲುಕ್ಕುವುದನ್ನು ನೋಡಲು ಮನೆಯ ಹಿರಿಯರು ಆರೋಗ್ಯವಾಗಿ, ಮಕ್ಕಳು ಕಣ್ಣೆದುರಿಗೆ, ಹೊತ್ತ ಸ್ನೇಹಿತರು ಬೆನ್ನು ನೇರವಾಗಿಟ್ಟುಕೊಂಡು ನಿಂತಿದ್ದರೆ ಆ ಗೃಹಪ್ರವೇಶ ಸಾರ್ಥಕ.