ಹಿಮದಡಿಯಲ್ಲಿ ಮೊದಲ ಹದಿನೈದು ನಿಮಿಷ



ದಾವಣಗೆರೆಯ ಬಿಸಿಲಿನಲ್ಲಿ ಕುಳಿತು ಹಿಮಕುಸಿತದ ಮಾತೇಕೆ ಎಂದು ನೀವು ಕೇಳಬಹುದು. ಹರಿಹರದಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿಯಲ್ಲಿ ಕುಂದಗೋಳ ಬರುತ್ತದೆ. ಆ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ, ಒಂಬತ್ತು ಸಂಗಾತಿಗಳೊಡನೆ ಹಿಮದಡಿ ಸಿಲುಕಿದರು. ಒಂಬತ್ತೂ ಮಂದಿ ತೀರಿಕೊಂಡರು. ಅವರಲ್ಲಿ ಹಾಸನ, ಮೈಸೂರು ಜಿಲ್ಲೆಗಳ ಯೋಧರೂ ಇದ್ದರು. ಆರನೆಯ ದಿನ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಈ ಆರು ದಿನಗಳ ಸುದ್ದಿಯಿಂದ ನಾವು ತಪ್ಪು ಪಾಠ ಕಲಿಯಬಾರದು. ಅವರ ಡೇರೆಯೊಳಗೆ ಗಾಳಿಗೆ ಜಾಗ ಉಳಿದಿತ್ತೆಂದು ಆಗ ವರದಿಯಾಗಿತ್ತು. ಅಂಥ ಆಸರೆಯಿಲ್ಲದೆ ಬಯಲಲ್ಲಿ ಹೂತುಹೋದವರಿಗೆ ಮೃತ್ಯು ಬರುವುದು ಹೆಚ್ಚಾಗಿ ಚಳಿಯಿಂದಲ್ಲ, ಉಸಿರುಗಟ್ಟಿ. ಮೊದಲ 10–15 ನಿಮಿಷಗಳಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬಹುಪಾಲು ಮಂದಿ ಉಳಿಯುವುದಿಲ್ಲ. ಅಷ್ಟರೊಳಗೆ ಹೆಲಿಕಾಪ್ಟರ್ ಬಾರದು. ಕಾಪಾಡಬೇಕಾದವರು ಪಕ್ಕದಲ್ಲಿದ್ದ ಜೊತೆಗಾರರೇ.

ಸಿಯಾಚಿನ್‌ನಲ್ಲಿ ಕುಸಿದದ್ದು ಮಂಜುಗಡ್ಡೆಯ ಗೋಡೆ. ಚಾರಣಿಗರಿಗೆ ಎದುರಾಗುವ ಅಪಾಯ ಸಾಮಾನ್ಯವಾಗಿ ಬೇರೆ ಬಗೆಯದು. ಓರೆಯಾಗಿಟ್ಟ ಹಲಗೆಯ ಮೇಲೆ ನಮ್ಮ ಊರಿನ ಮಂಡಕ್ಕಿ ಹರಡಿ, ಅದರ ಮೇಲೆ ಭಾರದ ಇನ್ನೊಂದು ಹಲಗೆ ಇಟ್ಟು ನೋಡಿ. ಬೆಟ್ಟದಲ್ಲಿಯೂ ಹಿಮ ಪದರಪದರವಾಗಿ ಕೂಡುತ್ತದೆ. ತೆಳುವಾದ ಹಿಮದ ಮೇಲೆ ತೀವ್ರ ಚಳಿ ಬಹುದಿನ ನಿಂತರೆ, ತಳದ ಹಿಮ ಸಕ್ಕರೆಯಂಥ ಬಿಡಿ ಹರಳಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಹೊಸ ಹಿಮ ಗಟ್ಟಿಯಾಗಿ ಕೂತರೆ, ಒಬ್ಬ ಮನುಷ್ಯನ ಭಾರವೇ ಇಡೀ ಇಳಿಜಾರನ್ನು ಜಾರಿಸಬಲ್ಲದು. ಚಾರಣಿಗರ ಸಾವಿನ ಬಹುತೇಕ ಪ್ರಕರಣಗಳಲ್ಲಿ ಕುಸಿತವನ್ನು ಎಬ್ಬಿಸಿದ್ದು ಅವರ ತಂಡದವರೇ.

ಈಗ ನಮ್ಮ ಹುಡುಗರು ಚಳಿಗಾಲದಲ್ಲಿಯೂ ಹಿಮಾಲಯದ ಚಾರಣಕ್ಕೆ ಹೋಗುತ್ತಿದ್ದಾರೆ. ಹೋಗಿ, ಬೇಡವೆನ್ನುವುದಿಲ್ಲ. ಆದರೆ ಕೆಲವು ಮಾತು ನೆನಪಿರಲಿ. 30ರಿಂದ 45 ಡಿಗ್ರಿ ಇಳಿಜಾರು ಹೆಚ್ಚು ಅಪಾಯದ್ದು. ಭಾರೀ ಹಿಮ ಬಿದ್ದ ಮರುದಿನ, ಜೋರು ಗಾಳಿ ಬೀಸಿದ ಮೇಲೆ, ಇದ್ದಕ್ಕಿದ್ದಂತೆ ಬಿಸಿಲು ಏರಿದಾಗ ಅತ್ತ ಹೋಗಬೇಡಿ. ಕಾಲಡಿ ಹಿಮ ‘ಧಬ್’ ಎಂದು ಕುಸಿದ ಸದ್ದಾದರೆ, ಬಿರುಕು ಓಡಿದರೆ, ಹಿಂದಿರುಗಿ. ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲೆಯೇ ಕಣ್ಣಿಡಲಿ. ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ, ಹಿಮದಲ್ಲಿ ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸುವ ಅಭ್ಯಾಸವೂ ಇರಬೇಕು. ಡಿಆರ್‌ಡಿಒ ಸಂಸ್ಥೆಯ ಚಂಡೀಗಢದ ಪ್ರಯೋಗಾಲಯ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುನ್ನ ಅದನ್ನು ನೋಡಿ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಹಣ ಕಟ್ಟುವ ಮೊದಲು ಚಾರಣ ನಡೆಸುವವರನ್ನು ಕೇಳಿ: ಸಲಿಕೆ ಎಷ್ಟಿವೆ? ಹಿಂದಿರುಗುವ ತೀರ್ಮಾನ ಯಾರದು? ಉತ್ತರ ಸಿಗದಿದ್ದರೆ ಮಕ್ಕಳನ್ನು ಕಳುಹಿಸಬೇಡಿ. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.