ಮಿಠಾಯಿಗೆ ಸಕ್ಕರೆ ಹಿಡಿಸುವ ಮೊದಲು
(ಬ್ಲಾಕಿನ ರೈತರ ಹಾಗೂ ಮಹಿಳಾ ಸಂಘಗಳ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತನಾಡಬೇಕಾದ ಗ್ರಾಮಸೇವಕ ಇಂದು ಮಿಠಾಯಿಯ ಮಾತು ಹಿಡಿದುಕೊಂಡು ನಿಂತಿದ್ದಾನಲ್ಲ ಎಂದು ಹಿಂದಿನ ಸಾಲಿನ ಹಿರಿಯರು ನಗುತ್ತಿದ್ದಾರೆ. ನಗಲಿ. ಆದರೆ ಈ ಮಿಠಾಯಿ ನಮ್ಮ ಹೊಲದ ಬದುವಿನಿಂದಲೇ ಹುಟ್ಟಿದ್ದು. ನಂಜನಗೂಡು ಕಡೆಯ ಮಳೆಯಾಶ್ರಯದ ಊರುಗಳಲ್ಲಿ ಹುಣಿಸೇಮರವಿಲ್ಲದ ಬದು ಕಡಿಮೆ. ಹಣ್ಣು ಉದುರಿಸುವ ಕಾಲಕ್ಕೆ ಎಲ್ಲರ ಮನೆಯಲ್ಲೂ ಒಟ್ಟಿಗೆ ಹುಣಿಸೆ. ಆಗ ಕೊಳ್ಳುವವನು ಹೇಳಿದ್ದೇ ಬೆಲೆ. ಅದೇ ಹಣ್ಣಿಗೆ ಬೆಲ್ಲ, ಉಪ್ಪು, ಜೀರಿಗೆ, ಚೂರು ಖಾರ ಕೂಡಿಸಿ ಕಾಯಿಸಿ, ಉಂಡೆ ಕಟ್ಟಿ, ಮೇಲೆ ಸಕ್ಕರೆ ಹಿಡಿಸಿ ಮಾರಿದರೆ ಎರಡು ಕಾಸು ಹೆಚ್ಚು ಉಳಿಯುತ್ತದೆಂದು ನಮ್ಮ ಸಂಘಗಳ ತಾಯಂದಿರು ಕಂಡುಕೊಂಡಿದ್ದಾರೆ. ನೆಲ್ಲಿ, ಶುಂಠಿಯ ಮಿಠಾಯಿಗೂ ಇಂದಿನ ಮಾತು ಬಹುಮಟ್ಟಿಗೆ ಹೊಂದುತ್ತದೆ.

ಕಷ್ಟ ಬರುವುದು ಕೊನೆಯ ಹೆಜ್ಜೆಯಲ್ಲಿ. ತಿರುಮಕೂಡಲು ನರಸೀಪುರ ಕಡೆಯ ಒಂದು ಸಂಘದವರು ಮುಡುಕುತೊರೆ ಜಾತ್ರೆಗೆಂದು ಮೂವತ್ತು ಕಿಲೋ ಹುಣಿಸೆ ಮಿಠಾಯಿ ಮಾಡಿದರು. ರುಚಿಗೆ ಹೆಸರಿಡುವಂತಿರಲಿಲ್ಲ. ಉಂಡೆಯ ಮೇಲೆ ಸಕ್ಕರೆ ನಿಲ್ಲಲಿಲ್ಲವೆಂದು ನೀರು ಚಿಮುಕಿಸಿದರು, ಮತ್ತೆ ಸಕ್ಕರೆ ಹಾಕಿ ಹೊರಳಿಸಿದರು, ಕೂಡಲೇ ಡಬ್ಬಿಗೆ ತುಂಬಿದರು. ಮೂರನೆಯ ದಿನ ಮುಚ್ಚಳ ತೆಗೆದರೆ ಒಳಗೆ ಉಂಡೆಗಳಿರಲಿಲ್ಲ. ಪಾಕದಲ್ಲಿ ಮುಳುಗಿದ ಒಂದೇ ಮುದ್ದೆಯಿತ್ತು. ಸಂಘದ ಸಾಲದ ಹಣ ಅದರಲ್ಲಿತ್ತು. ಅದೇ ವಾರ ಯಂತ್ರದ ವ್ಯಾಪಾರಿಯೊಬ್ಬ ಬಂದು, ಹಬೆ ಕೊಟ್ಟು ಮಿಠಾಯಿಯನ್ನು ತೇವ ಮಾಡಿ ಸಕ್ಕರೆ ಹಿಡಿಸುವ ದೊಡ್ಡ ಯಂತ್ರ ಕೊಂಡರೆ ಇಂಥ ನಷ್ಟವೇ ಇರದೆಂದು ಹೇಳಿ ಚಿತ್ರ ತೋರಿಸಿಹೋದ. ಕೊಳ್ಳಬೇಕೆ, ಬೇಡವೆ? ಈ ಪ್ರಶ್ನೆ ಈಗ ಮೂರು ನಾಲ್ಕು ಊರುಗಳಲ್ಲಿ ಎದ್ದಿರುವುದರಿಂದ ಮಾತನಾಡಬೇಕಾಯಿತು.

ಮೊದಲು ತೇವದ ಗುಟ್ಟನ್ನು ತಿಳಿಯೋಣ. ಇದು ನಿಮಗೆ ಹೊಸದಲ್ಲ. ಅಲಸಂದೆ, ತೊಗರಿ ಬೀಜಕ್ಕೆ ರೈಜೋಬಿಯಂ ಜೀವಾಣುವನ್ನು ಲೇಪಿಸುವಾಗ ಏನು ಮಾಡುತ್ತೇವೆ? ಒಣಬೀಜಕ್ಕೆ ಪುಡಿ ಅಂಟದೆಂದು ತೆಳು ಬೆಲ್ಲದ ಪಾಕ ಚಿಮುಕಿಸಿ, ಬೀಜದ ಮೈಯೆಲ್ಲ ಪಸೆಯಾದ ಮೇಲೆ ಪುಡಿ ಹಾಕಿ, ನೆರಳಲ್ಲಿ ಆರಿಸುತ್ತೇವೆ. ಪಾಕ ಹೆಚ್ಚಾದರೆ ಬೀಜ ಮುದ್ದೆಯಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಕ್ರಾಂತಿಗೆ ಕುಸುರೆಳ್ಳು ಮಾಡುವವರ ಕೈಚಳಕವೂ ಇದೇ. ಸಣ್ಣ ಕೆಂಡದ ಮೇಲೆ ತಟ್ಟೆಯಿಟ್ಟು, ಎಳ್ಳಿಗೆ ಒಂದು ಚಮಚ ಸಕ್ಕರೆ ಪಾಕ ಬಿಟ್ಟು, ಬೆರಳಾಡಿಸಿ, ಅದು ಒಣಗಿದ ಮೇಲೆಯೇ ಇನ್ನೊಂದು ಚಮಚ. ಒಮ್ಮೆಗೇ ಲೋಟ ಪಾಕ ಸುರಿದರೆ ಎಳ್ಳುಂಡೆ ಆದೀತು, ಕುಸುರೆಳ್ಳು ಆಗದು.

ಹಾಗಾದರೆ ಹುಣಿಸೆ ಮಿಠಾಯಿಗೆ ಎಷ್ಟು ನೀರು ಬೇಕು? ಲೆಕ್ಕ ಹಾಕಿ ನೋಡಿ. ಐದು ಗ್ರಾಮಿನ ಉಂಡೆಯೆಂದರೆ ಕಿಲೋಗೆ 200 ಉಂಡೆ. ಒಂದೊಂದರ ಅಡ್ಡಳತೆ ಎರಡು ಸೆಂಟಿಮೀಟರಿಗೆ ತುಸು ಕಡಿಮೆ. ಇನ್ನೂರು ಉಂಡೆಗಳ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಚೌಕಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೆ. ಆ ಚೌಕವನ್ನು ತಲೆಗೂದಲಿಗಿಂತ ತೆಳುವಾದ ನೀರಿನ ಪೊರೆಯಿಂದ ಮುಚ್ಚಲು ಟೀ ಚಮಚದಲ್ಲಿ ಒಂದು ಚಮಚ, ಎಂದರೆ 5 ಮಿಲಿಲೀಟರ್ ನೀರು ಸಾಕು. ಒಂದು ಕಿಲೋಗೆ ಒಂದು ಚಮಚ! ಕೈಯಿಂದ ಚಿಮುಕಿಸುವವರು ಅರಿಯದೆ ನಾಲ್ಕೈದು ಚಮಚ ಹಾಕಿರುತ್ತಾರೆ. ನಮ್ಮ ಹವೆಯಲ್ಲಿ ಒಂದು ಭಾಗ ನೀರು ತನ್ನ ಎರಡರಷ್ಟು ತೂಕದ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ನಾಲ್ಕು ಚಮಚ ನೀರು 40 ಗ್ರಾಮ್ ಸಕ್ಕರೆಯನ್ನು ನುಂಗಿ ಪಾಕ ಮಾಡುತ್ತದೆ. ಜಾತ್ರೆಯ ಮಿಠಾಯಿ ಮುಳುಗಿದ್ದು ಆ ಪಾಕದಲ್ಲಿಯೇ.

ಹುಣಿಸೆಯದು ಇನ್ನೊಂದು ತಂಟೆಯಿದೆ. ಅದರ ಹುಳಿ, ತೇವವಿರುವಲ್ಲಿ, ಸಕ್ಕರೆಯನ್ನು ಮೆಲ್ಲಗೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳಾಗಿ ಮಾಡುತ್ತದೆ. ಇವುಗಳಲ್ಲಿ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ಬಲು ಚುರುಕು. ಆದ್ದರಿಂದ ಹುಳಿ ಮಿಠಾಯಿಯ ಮೇಲೆ ನೀರು ಹೆಚ್ಚಾದರೆ ಅಂದಿನ ನಷ್ಟವಷ್ಟೇ ಅಲ್ಲ, ಡಬ್ಬಿಯೊಳಗೆ ದಿನದಿನವೂ ಬೆವರುತ್ತದೆ. ಶುದ್ಧ ಸಕ್ಕರೆಯ ಹರಳು ಗಾಳಿಯ ತೇವ ಶೇಕಡ 85ರ ಆಸುಪಾಸಿಗೆ ಏರುವವರೆಗೆ ಒಣಗಿಯೇ ಇರುತ್ತದೆ; ಬೆಲ್ಲಕ್ಕೆ, ಒಡೆದ ಸಕ್ಕರೆಗೆ ಅಷ್ಟು ತಾಳ್ಮೆಯಿಲ್ಲ. ಮಳೆಗಾಲದ ಮುಂಜಾನೆ, ಅದರಲ್ಲೂ ಹೊಳೆಯ ಬದಿಯ ಮತ್ತು ಗದ್ದೆಬಯಲಿನ ಊರುಗಳಲ್ಲಿ, ಸಕ್ಕರೆ ಹಿಡಿಸುವ ಕೆಲಸಕ್ಕೆ ಕೈಹಾಕಬೇಡಿ. ಬಿಸಿಲೇರಿ ಗಾಳಿ ಒಣಗಿದ ಮೇಲೆ ಮಾಡಿ.

ಈಗ ಯಂತ್ರದ ವಿಷಯ. ದೊಡ್ಡ ಕಾರ್ಖಾನೆಗಳಲ್ಲಿ ಮಿಠಾಯಿಗಳು ತಂತಿಬಲೆಯ ಪಟ್ಟಿಯ ಮೇಲೆ ಕುಳಿತು ಹಬೆಯ ಗೂಡಿನೊಳಗೆ ಹಾದುಹೋಗುತ್ತವೆ. ಒಳಗಿರುವುದು ಕೆಲವು ಸೆಕೆಂಡು ಮಾತ್ರ. ತಣ್ಣನೆಯ ಮಿಠಾಯಿಗೆ ಹಬೆ ತಗಲಿ, ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ, ಎಲ್ಲ ಕಡೆಗೂ ಸಮನಾದ ತೆಳುಪಸೆ ಕೂರುತ್ತದೆ. ಅಲ್ಲಿಂದ ನೇರವಾಗಿ ಸಕ್ಕರೆಯಿರುವ ತಿರುಗುವ ಉರುಳೆಗೆ ಬಿದ್ದು, ಹೊರಳಿ, ಅಲುಗುವ ಜರಡಿಯ ಮೇಲೆ ಬರುತ್ತವೆ. ಉದುರಿದ ಸಕ್ಕರೆ ಮತ್ತೆ ಉರುಳೆಗೆ. ಏರ್ಪಾಡು ಚೆನ್ನಾಗಿಯೇ ಇದೆ. ಹಬೆಯಷ್ಟು ಸಮನಾಗಿ ಪಸೆ ಕೊಡುವುದು ಕೈಗೆ ಸಾಧ್ಯವಿಲ್ಲ, ಒಪ್ಪೋಣ. ಆದರೆ ಹಬೆ ನೀರಾಗುವಾಗ ತನ್ನ ಶಾಖವನ್ನೆಲ್ಲ ಮಿಠಾಯಿಗೆ ಬಿಡುತ್ತದೆ, ಗ್ರಾಮಿಗೆ ಸುಮಾರು 540 ಕ್ಯಾಲೊರಿ. ಕಿಲೋ ಮಿಠಾಯಿಯ ಮೇಲೆ ಐದು ಗ್ರಾಮ್ ಹಬೆ ಕೂತರೆ ಮಿಠಾಯಿ ಒಟ್ಟಾರೆ ಐದು ಡಿಗ್ರಿಯಷ್ಟು ಬಿಸಿಯಾಗುತ್ತದೆ, ಮೇಲುಮೈ ಅದಕ್ಕಿಂತ ಬಹಳ ಹೆಚ್ಚು. ಕಾರ್ಖಾನೆಯ ಗಟ್ಟಿ ಮಿಠಾಯಿ ಇದನ್ನು ತಡೆದೀತು. ನಮ್ಮ ಬೆಲ್ಲದ ಹುಣಿಸೆಯುಂಡೆ ಮೆತ್ತಗಾಗಿ ಒಂದಕ್ಕೊಂದು ತಬ್ಬಿಕೊಳ್ಳುತ್ತದೆ. ಜೊತೆಗೆ ಹಬೆಗೆ ಬಾಯ್ಲರು, ಅದಕ್ಕೆ ಸೌದೆ ಅಥವಾ ಕರೆಂಟು, ನೋಡಿಕೊಳ್ಳಲು ತಿಳಿದವರು.

ಇನ್ನೊಂದು ಲೆಕ್ಕವನ್ನೂ ಕೇಳಿ. ವಾರಕ್ಕೆ 20 ಕಿಲೋ ಮಾಡುವ ಸಂಘವೆಂದರೆ 4,000 ಉಂಡೆ. ಒಬ್ಬಾಕೆ ನಿಮಿಷಕ್ಕೆ ಹತ್ತು ಉಂಡೆ ಕಟ್ಟಿದರೂ, ಒಬ್ಬರೇ ಕಟ್ಟುವುದಾದರೆ, ಸುಮಾರು ಆರೂಮುಕ್ಕಾಲು ಗಂಟೆ ಬೇಕು. ಸಕ್ಕರೆ ಹಿಡಿಸುವುದಕ್ಕೋ, ಸಣ್ಣ ಕೈಡ್ರಮ್ಮಿನಲ್ಲಿ ಸರದಿಗೆ ಐದು ಕಿಲೋದಂತೆ ನಾಲ್ಕು ಸರದಿ, ಸರದಿಗೆ ಹತ್ತು ನಿಮಿಷ. ಒಂದು ಗಂಟೆಯೊಳಗೆ ಮುಗಿಯುತ್ತದೆ. ತಡವಾಗುತ್ತಿರುವುದು ಉಂಡೆ ಕಟ್ಟುವಲ್ಲಿ, ವ್ಯಾಪಾರಿ ಮಾರಬಂದಿರುವುದು ಸಕ್ಕರೆ ಹಿಡಿಸುವ ಯಂತ್ರ. ಎತ್ತಿಗೆ ನೋವಾದರೆ ಗಾಡಿಗೆ ಎಣ್ಣೆ ಬಿಟ್ಟಂತಾಯಿತು. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ವೆಚ್ಚದ ಶೇಕಡ 35ರಷ್ಟನ್ನು, 10 ಲಕ್ಷ ರೂಪಾಯಿ ಮೀರದಂತೆ, ಸಹಾಯಧನವಾಗಿ ಗೊತ್ತುಮಾಡಿದ್ದರು. ಈ ಸಾಲಿನಲ್ಲಿ ಏನಿದೆಯೆಂಬುದನ್ನು ಕೃಷಿ ಇಲಾಖೆಯ ಕಚೇರಿಯಲ್ಲೇ ಕೇಳಿ, ವ್ಯಾಪಾರಿಯ ಬಾಯಿಂದಲ್ಲ. ಸಹಾಯಧನ ಶೇಕಡ 35 ಎಂದರೆ ಉಳಿದ 65 ನಿಮ್ಮ ತಲೆಯ ಮೇಲಿನದು. ನನ್ನ ಅಭಿಪ್ರಾಯ ಕೇಳಿದರೆ, ವಾರಕ್ಕೆ ಕ್ವಿಂಟಲ್‌ಗಟ್ಟಲೆ ಮಾರುವ ದಿನ ಬರುವವರೆಗೆ ಹಬೆಯ ಯಂತ್ರದ ಮಾತು ಬೇಡ.

ಕೈಡ್ರಮ್ಮು ಹೇಗಿರಬೇಕು? ಹದಿನಾಲ್ಕು ಅಂಗುಲ ಅಡ್ಡಳತೆ, ಹತ್ತು ಹನ್ನೊಂದು ಅಂಗುಲ ಆಳ, ಬಾಯಿ ಸ್ವಲ್ಪ ಮೇಲಕ್ಕೆ ಓರೆಯಾಗಿರಲಿ. ಒಳಮೈ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಕಪ್ಪಾದ ತಾಮ್ರದ ಚೊಂಬನ್ನು ಹುಣಿಸೆಹಣ್ಣಿನಿಂದ ಬೆಳಗುವ ತಾಯಂದಿರಿಗೆ ಆ ಹುಳಿ ಲೋಹವನ್ನು ಏನು ಮಾಡುತ್ತದೆಂದು ನಾನು ಹೇಳಬೇಕೆ? ಸತುವಿನ ತಗಡು, ಬಣ್ಣ ಬಳಿದ ಕಬ್ಬಿಣ ಕೂಡದು. ಒಳಗೆ ಎರಡು ಸಣ್ಣ ಅಡ್ಡಪಟ್ಟಿಗಳಿರಲಿ. ಇಲ್ಲದಿದ್ದರೆ ಉಂಡೆಗಳು ಉರುಳದೆ ಜಾರುತ್ತವೆ. ಅಚ್ಚು ಹಿಂಬದಿಯಿಂದ ಮಾತ್ರ ಇರಲಿ, ಗ್ರೀಸು ಒಳಗೆ ತೊಟ್ಟಿಕ್ಕಬಾರದು. ವೇಗವೂ ಮುಖ್ಯ. ಇಷ್ಟಗಲದ ಡ್ರಮ್ಮನ್ನು ನಿಮಿಷಕ್ಕೆ ಎಪ್ಪತ್ತು ಸುತ್ತಿಗೆ ತಿರುಗಿಸಿದರೆ ಉಂಡೆಗಳು ಗೋಡೆಗೆ ಅಂಟಿಕೊಂಡು ಸುತ್ತುತ್ತವೆಯೇ ಹೊರತು ಹೊರಳುವುದಿಲ್ಲ. ಇಪ್ಪತ್ತರಿಂದ ಇಪ್ಪತ್ತೈದು ಸುತ್ತು ಹದ, ಎಂದರೆ ಮೂರು ಸೆಕೆಂಡಿಗೆ ಸುಮಾರು ಒಂದು ಸುತ್ತು. ಬೀಸುಕಲ್ಲು ತಿರುಗಿಸಿ ಬಲ್ಲ ಅಜ್ಜಿಯರನ್ನು ಕೂರಿಸಿ, ತಾವಾಗಿಯೇ ಆ ವೇಗಕ್ಕೆ ಬರುತ್ತಾರೆ.

ಇಲ್ಲಿ ಒಂದು ಮಾತನ್ನು ಎಲ್ಲರೂ, ಮುಖ್ಯವಾಗಿ ಗಂಡಸರು, ಕಿವಿಗೊಟ್ಟು ಕೇಳಬೇಕು. ಡ್ರಮ್ಮು ಎಂದ ಕೂಡಲೇ ಒಬ್ಬರು ಎದ್ದು, ‘ನಮ್ಮಲ್ಲಿ ಬೀಜೋಪಚಾರದ ಡ್ರಮ್ಮು ಸುಮ್ಮನೆ ಬಿದ್ದಿದೆ, ತೊಳೆದು ಕೊಡುತ್ತೇನೆ’ ಎಂದರು. ಮತ್ತೊಬ್ಬರು ಔಷಧಿ ಹೊಡೆಯುವ ಪಂಪನ್ನು ತೊಳೆದು ನೀರು ಸಿಂಪಡಿಸಬಹುದಲ್ಲ ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ ಆದರೂ, ಕೂಡದು! ಆ ಡ್ರಮ್ಮಿನಲ್ಲಿ ತಿರುಗಿರುವುದು ಥೈರಾಮ್, ಕ್ಯಾಪ್ಟಾನ್‌ಗಳಂಥ ವಿಷದ ಪುಡಿ. ಬೆಸುಗೆಯ ಸಂದಿಯಲ್ಲಿ, ತುಕ್ಕಿನ ಅಡಿಯಲ್ಲಿ ಕುಳಿತದ್ದು ಸೀಗೆಗೂ ಸೋಪಿಗೂ ಬರುವುದಿಲ್ಲ. ಹುಳಿ ಪಸೆಯ ಉಂಡೆ ಮಾತ್ರ ಅದನ್ನು ಒರೆಸಿಕೊಂಡು ಬರುತ್ತದೆ. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ 2013ರ ಜುಲೈ 16ರಂದು ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯನ್ನು ಇಟ್ಟಿದ್ದುದು ಹಿಂದೆ ಆ ಔಷಧಿ ಇದ್ದ ಡಬ್ಬಿಯಲ್ಲಿ ಎಂದು ತಿಳಿದುಬಂತು. ನಮ್ಮ ಮಿಠಾಯಿಯನ್ನು ತಿನ್ನುವವರೂ ಮಕ್ಕಳೇ. ಹೊಲದ ಡ್ರಮ್ಮು ಹೊಲಕ್ಕೆ ಇರಲಿ. ಅಂಗಡಿಯಲ್ಲಿ ಸಿಗುವ ಹೊಸ ಕೈಸಿಂಪರಣೆಯ ಸೀಸೆ ಕೊಳ್ಳಿ. ಅದಕ್ಕೆ ಬಹಳ ಹಣ ಬೇಕಿಲ್ಲ.

ಕೆಲಸದ ಕ್ರಮ ಹೀಗೆ. ಉಂಡೆಗಳನ್ನು ಕಟ್ಟಿ ಒಂದು ದಿನ ನೆರಳಲ್ಲಿ, ತೆಳುಬಟ್ಟೆ ಮುಚ್ಚಿ, ಮೇಲುಮೈ ಬಿಗಿಯುವವರೆಗೆ ಆರಿಸಿ. ಬಿಸಿಯಿರುವಾಗ ಡ್ರಮ್ಮಿಗೆ ಹಾಕಬೇಡಿ. ಫ್ರಿಜ್ಜಿನಿಂದ ತೆಗೆದದ್ದನ್ನೂ ಹಾಕಬೇಡಿ, ಅದು ತಾನೇ ಬೆವರಿ ನಿಮ್ಮ ಲೆಕ್ಕ ಕೆಡಿಸುತ್ತದೆ. ಐದು ಕಿಲೋಗೆ ಐದು ಚಮಚ ನೀರನ್ನು ಅಳೆದು ಸೀಸೆಗೆ ಹಾಕಿ. ಬರಿಯ ನೀರಿಗಿಂತ, ಕಾಯಿಸಿ ಆರಿಸಿದ ತೆಳು ಸಕ್ಕರೆ ನೀರು ಮೇಲು. ಅದರಲ್ಲಿ ಆಗಲೇ ಸಕ್ಕರೆಯಿರುವುದರಿಂದ ಮೇಲಿನ ಹರಳನ್ನು ಅಷ್ಟಾಗಿ ಕರಗಿಸದು. ಸೀಸೆಯ ಬಾಯಿ ಕಟ್ಟಿಕೊಳ್ಳದಂತೆ ದಿನವೂ ಬಿಸಿನೀರಿನಿಂದ ತೊಳೆಯಬೇಕು, ಅಷ್ಟೆ. ತಿರುಗುತ್ತಿರುವಾಗ ಅರ್ಧ ಸಿಂಪಡಿಸಿ, ಹತ್ತು ಹದಿನೈದು ಸುತ್ತು ಬಿಟ್ಟು ಉಳಿದರ್ಧ. ಈಗ ಒಂದು ಉಂಡೆಯನ್ನು ಎತ್ತಿ ನೋಡಿ: ಅದು ಬೆರಳಿಗೆ ಅಂಟಬೇಕು, ಬೆರಳು ಒದ್ದೆಯಾಗಬಾರದು. ಈ ಹದ ಒಮ್ಮೆ ಕೈಗೆ ಬಂತೆಂದರೆ ಚಮಚದ ಲೆಕ್ಕವನ್ನೂ ಮರೆಯಬಹುದು. ಒದ್ದೆಯೆನಿಸಿದರೆ ಸಕ್ಕರೆ ಹಾಕಬೇಡಿ, ಬಾಯಿ ತೆರೆದು ಐದು ನಿಮಿಷ ಬರಿದೆ ತಿರುಗಿಸಿ.

ಹದ ಕಂಡ ಕೂಡಲೇ ಸಕ್ಕರೆ. ಪುಡಿ ಸಕ್ಕರೆ ನೋಡಲು ಚೆಂದ, ಆದರೆ ಪಸೆಗೆ ಬೇಗ ಕರಗುತ್ತದೆ. ಹರಳು ಸಕ್ಕರೆಯೇ ಬಾಳಿಕೆ. ಐದು ಕಿಲೋಗೆ ಅರ್ಧ ಕಿಲೋದಷ್ಟು ಹಾಕಿ ಎರಡು ಮೂರು ನಿಮಿಷ ತಿರುಗಿಸಿ, ಜರಡಿಯಲ್ಲಿ ಅಲುಗಿಸಿ, ತಟ್ಟೆಗಳಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ. ಡಬ್ಬಿಗೆ ತುಂಬುವುದು ಮರುದಿನವೇ, ಮುಟ್ಟಿದರೆ ಹರಳು ಗರಗರ ಎನ್ನುವಾಗ. ಮುಡುಕುತೊರೆಯಾಗಲಿ, ನಂಜನಗೂಡಿನ ದೊಡ್ಡ ಜಾತ್ರೆಯಾಗಲಿ, ಬೆಂಡು ಬತ್ತಾಸಿನವರ ಪಕ್ಕದಲ್ಲಿ ನಿಂತು ಮಾರಬೇಕಾದರೆ ಈ ಒಂದು ದಿನದ ತಾಳ್ಮೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಇದಕ್ಕಿಂತ ಹೆಚ್ಚಿನ ವಿವರ ಬೇಕೆನ್ನುವವರಿಗೆ ನಮ್ಮ ತಾಲ್ಲೂಕಿನಲ್ಲೇ ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವಿದೆ. ಮೈಸೂರಿನಲ್ಲಿ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಆಹಾರ ಸಂಶೋಧನಾಲಯ, ನೀವೆಲ್ಲ ಸಿ.ಎಫ್.ಟಿ.ಆರ್.ಐ. ಎನ್ನುವುದು, ಬಸ್ಸಿನ ದೂರದಲ್ಲಿದೆ. ಹೋಗುವಾಗ ಚೆನ್ನಾಗಿ ಬಂದ ಮಿಠಾಯಿಯನ್ನಲ್ಲ, ಕೆಟ್ಟದ್ದನ್ನು ಒಂದು ಡಬ್ಬಿ ಒಯ್ಯಿರಿ. ಅದನ್ನು ನೋಡಿದರೆ ಅವರಿಗೆ ಹೇಳಲು ಸುಲಭ. ಮಾರಾಟಕ್ಕೆ ಇಳಿಯುವ ಮೊದಲು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳತಕ್ಕದ್ದು.

ಜರಡಿಯಲ್ಲಿ ಉದುರಿದ ಸಕ್ಕರೆಯನ್ನು ಏನು ಮಾಡಬೇಕೆಂದು ಮುಂದಿನ ಸಾಲಿನ ತಾಯಿಯೊಬ್ಬರು ಆಗಲೇ ಕೇಳಿದ್ದರು. ಅದಕ್ಕೆ ಹುಳಿಯೂ ತೇವವೂ ಹತ್ತಿರುತ್ತದೆ. ಒಣಗಿಸಿ, ಗಂಟು ಒಡೆದು, ಜರಡಿಯಾಡಿ ಅಂದಿನ ಮುಂದಿನ ಸರದಿಗೆ ಸೇರಿಸಬಹುದು. ಮರುದಿನಕ್ಕೆ ಉಳಿದರೆ ಮೇಲೆ ಹಿಡಿಸಬೇಡಿ. ಹೊಸ ಹುಣಿಸೆ ಕಾಯಿಸುವಾಗ ಬೆಲ್ಲದ ಜೊತೆ ಹಾಕಿಬಿಡಿ.