ಅವರು ಮೂವರು, ನಾನೊಬ್ಬಳು

(ಅತ್ತಿಗುಪ್ಪೆಯಲ್ಲಿ ನಡೆದ ಮಹಿಳೆಯರ ಆತ್ಮರಕ್ಷಣಾ ತರಬೇತಿಯಲ್ಲಿ ಆಡಿದ ಮಾತುಗಳ ಬರಹರೂಪ)



ಎರಡು ವಾರಗಳಿಂದ ಒಬ್ಬನ ಹಿಡಿತದಿಂದ ಬಿಡಿಸಿಕೊಳ್ಳುವುದನ್ನು ಕಲಿತಿದ್ದೀರಿ. ಒಬ್ಬರಿಗಿಂತ ಹೆಚ್ಚು ಜನ ಮೇಲೆ ಬಿದ್ದಾಗ ಏನು ಮಾಡಬೇಕು ಎಂಬುದು ಇವತ್ತಿನ ವಿಷಯ. ಹೀಗೆಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ನೆನಪಾಗುವುದು ರಾತ್ರಿ ಪಾಳಿ ಮುಗಿಸಿ ಮೆಟ್ರೊ ಇಳಿದು ಮನೆಗೆ ನಡೆಯುವ ದಾರಿ, ಬೈಕಿನ ಮೇಲೆ ಬರುವ ಮೂವರು ಹುಡುಗರು. ಆ ಭಯ ಸುಳ್ಳಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪು ನುಗ್ಗಿ ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಆ ಮೊಕದ್ದಮೆಯ ಆರೋಪಿಗಳು ಖುಲಾಸೆಯಾದರು.

ಆದರೆ ಹೋದ ಭಾನುವಾರ ತರಗತಿ ಮುಗಿದ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಒಬ್ಬ ತಂಗಿ ಕೇಳಿದ ಪ್ರಶ್ನೆ ಬೇರೆ. "ಅಕ್ಕಾ, ನಮ್ಮತ್ತೆ ಕೈ ಹಿಡ್ಕೊಂಡು, ಮೈದುನ ಬಾಗ್ಲು ಹಾಕಿ, ನಮ್ಮನೆಯವ್ರು ಹೊಡೆದ್ರೆ ಏನ್ ಮಾಡೋದು?"

ಕರಾಟೆ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಎದುರಾಳಿ ಯಾವಾಗಲೂ ಅಪರಿಚಿತ, ಗಂಡಸು, ಬೀದಿಯವನು. ನಮ್ಮ ಅನುಭವ ಹಾಗಿಲ್ಲ. 1990ರ ದಶಕದಲ್ಲಿ ವಿಮೋಚನಾ ಸಂಘಟನೆಯ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕುಳಿತು, ಸ್ಟೌ ಸಿಡಿದು ಸತ್ತರು ಎಂದು ದಾಖಲಾದ ಹೆಣ್ಣುಮಕ್ಕಳ ಸಾವುಗಳ ಬೆನ್ನುಹತ್ತಿದರು. ಸ್ಟೌ ಆ ಮನೆಯ ಸೊಸೆಯನ್ನೇ ಯಾಕೆ ಆರಿಸಿಕೊಳ್ಳುತ್ತದೆ ಎಂದು ಆಗ ಕೇಳಿದ ಪ್ರಶ್ನೆಗೆ ಇವತ್ತಿಗೂ ನೆಟ್ಟಗೆ ಉತ್ತರ ಸಿಕ್ಕಿಲ್ಲ. ವರದಕ್ಷಿಣೆಯ ಹಿಂಸೆಯಲ್ಲಿ ಎಷ್ಟೋ ಸಲ ಒಬ್ಬ ಹೊಡೆಯುತ್ತಾನೆ, ಒಬ್ಬರು ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ರೇಡಿಯೊ ಜೋರು ಮಾಡುತ್ತಾರೆ. ಇದು ಗುಂಪು ದಾಳಿಯಲ್ಲದೆ ಮತ್ತೇನು?

ಮೊದಲು ಸಿನಿಮಾ ಮರೆಯಿರಿ. ಸಿನಿಮಾದಲ್ಲಿ ಖಳರು ಸರತಿಯಲ್ಲಿ ನಿಂತು ಒಬ್ಬೊಬ್ಬರಾಗಿ ಬಂದು ಒದೆ ತಿನ್ನುತ್ತಾರೆ. ನಿಜದಲ್ಲಿ ಮೂವರೂ ಒಟ್ಟಿಗೇ ಬರುತ್ತಾರೆ. ಅದಕ್ಕೇ ನನಗೆ ಓಬವ್ವನ ಕಥೆ ಯಾವಾಗಲೂ ಪಾಠದಂತೆ ಕಾಣುತ್ತದೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಮಾಡಿದ ಓಬವ್ವನ ಆವೇಶ ನಮಗೆಲ್ಲ ನೆನಪಿದೆ. ಆದರೆ ಆವೇಶಕ್ಕಿಂತ ಆಕೆಯ ಲೆಕ್ಕಾಚಾರ ದೊಡ್ಡದು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯೊಳಗೆ ಬರುತ್ತಿದ್ದದ್ದು ಒಬ್ಬರೇ ನುಸುಳಬಹುದಾದ ಕಿಂಡಿಯಲ್ಲಿ. ಆಕೆ ಬಯಲಿಗೆ ಹೋಗಿ ಅವರನ್ನು ಎದುರಿಸಲಿಲ್ಲ. ಕಿಂಡಿಯ ಪಕ್ಕ ನಿಂತಳು, ತಲೆ ಕಂಡಾಗ ಹೊಡೆದಳು, ಹಿಂದಿನವನಿಗೆ ತಿಳಿಯದ ಹಾಗೆ ಹೆಣವನ್ನು ಪಕ್ಕಕ್ಕೆಳೆದಳು. ಸಾವಿರ ಜನರ ಸೈನ್ಯ ಆಕೆಯ ಎದುರು ಪ್ರತಿ ಸಲವೂ ಒಬ್ಬನೇ ಆಗಿತ್ತು. ಇನ್ನೊಂದು ಮಾತು: ಕಥೆಯ ಕೊನೆಯಲ್ಲಿ ಆಕೆ ಬದುಕುವುದಿಲ್ಲ. ನಾವು ಬದುಕಬೇಕು. ಕೋಟೆ ಕಾಯುವ ಕೆಲಸ ನಮ್ಮದಲ್ಲ.

ಹಾಗಾಗಿ ಇಲ್ಲಿ ಕಲಿಯುವುದು ಹೊರಗೆ ಬರುವುದನ್ನು. ಗೋಡೆ ಮೂಲೆಗೆ ಸರಿಯಬೇಡಿ. ಹೆದರಿದಾಗ ಕಾಲು ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಅದನ್ನು ತಡೆಯುವುದೇ ಅರ್ಧ ಅಭ್ಯಾಸ. ಇಬ್ಬರ ನಡುವೆ ನಿಲ್ಲಬೇಡಿ. ಪಕ್ಕಕ್ಕೆ ಸರಿಯುತ್ತಾ ಇರಿ, ಒಬ್ಬನ ಹಿಂದೆ ಇನ್ನೊಬ್ಬ ಬರುವ ಹಾಗೆ. ಆಗ ಮುಂದಿನವನೇ ಹಿಂದಿನವನಿಗೆ ಅಡ್ಡಿ. ಊಟದ ಮೇಜು, ಮಂಚ, ಕುರ್ಚಿ, ಯಾವುದಾದರೂ ನಡುವೆ ಇರಲಿ. ನೆಲಕ್ಕೆ ಬೀಳಬೇಡಿ, ಬಿದ್ದರೆ ತಲೆ ಮುಚ್ಚಿಕೊಂಡು ಒದೆಯುತ್ತಾ ಎದ್ದೇಳಿ. ಕೈ ಹಿಡಿದರೆ ಅವರ ಹೆಬ್ಬೆರಳ ಕಡೆಗೆ ಎಳೆದುಕೊಳ್ಳಿ, ಹಿಡಿತ ಸಡಿಲವಿರುವುದು ಅಲ್ಲೇ. ಜಡೆ ಹಿಡಿದರೆ ನಿಮ್ಮ ಎರಡೂ ಕೈಯಿಂದ ಅವನ ಕೈಯನ್ನು ತಲೆಗೇ ಒತ್ತಿಹಿಡಿದು ಬಗ್ಗಿ ತಿರುಗಿ. ಹೊಡೆಯಲೇಬೇಕಾದರೆ ಬಾಗಿಲಿಗೆ ಅಡ್ಡ ನಿಂತವನಿಗೆ, ಮೊಣಕಾಲಿಗೋ ಗಂಟಲಿಗೋ ಒಂದೇ ಏಟು. ಎರಡನೆಯ ಏಟಿಗೆ ನಿಲ್ಲಬೇಡಿ, ಓಡಿ.

ಜಗಳ ಏರುತ್ತಿದೆ ಎನಿಸಿದರೆ ಅಡುಗೆಮನೆಗೆ ಹೋಗಬೇಡಿ. ಅಲ್ಲಿ ಚಾಕು, ಗ್ಯಾಸು, ಕಾದ ಎಣ್ಣೆ ಎಲ್ಲ ಇವೆ, ಹೊರಬಾಗಿಲು ಮಾತ್ರ ಬಹಳ ಮನೆಗಳಲ್ಲಿ ಇಲ್ಲ. ಬಚ್ಚಲೂ ಹಾಗೆಯೇ. ಬೀದಿಬಾಗಿಲಿರುವ ಕೋಣೆಗೆ ಬನ್ನಿ. ಕೂಗುವುದಾದರೆ ಹೆಸರು ಹಿಡಿದು ಕೂಗಿ. ಇಲ್ಲಿ ವಠಾರದ ಗೋಡೆಗಳು ತೆಳು, "ಅಯ್ಯೋ" ಎಂದರೆ ಮನೆಯೊಳಗಿನ ಜಗಳ ಎಂದು ಸುಮ್ಮನಾಗುತ್ತಾರೆ; ಪಕ್ಕದ ಮನೆಯಾಕೆಯ ಹೆಸರು ಕೂಗಿದರೆ ಆಕೆ ಬಾಗಿಲು ತೆರೆಯಲೇಬೇಕಾಗುತ್ತದೆ. ಇವತ್ತೇ ಆಕೆಯೊಂದಿಗೆ ಮಾತಾಡಿಟ್ಟುಕೊಳ್ಳಿ. ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕದ ನಕಲು, ಒಂದಿಷ್ಟು ಹಣ ಆಕೆಯ ಮನೆಯಲ್ಲಿರಲಿ. ಮಗುವಿಗೆ ಆ ಮನೆಗೆ ಓಡುವುದನ್ನು ಹೇಳಿಕೊಡಿ. 112ಕ್ಕೆ ಕರೆ ಮಾಡುವುದು ಆರು ವರ್ಷದ ಮಗುವಿಗೂ ಬರುತ್ತದೆ.

"ಅತ್ತೆ ವಯಸ್ಸಾದವರು, ಅವರ ಕೈ ಹೇಗೆ ತಿರುಚೋದು?" ಎಂದೂ ಆ ತಂಗಿ ಕೇಳಿದಳು. ಗಂಡನಿಗೆ ಹೊಡೆಯುವುದಕ್ಕಿಂತ ಇದೇ ಆಕೆಗೆ ಕಷ್ಟ. ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಆ ಕ್ಷಣದಲ್ಲಿ ಹಿಡಿದಿರುವ ಕೈಯೇ ಹೊಡೆಯುವ ಕೈಯಷ್ಟು ಕೊಲ್ಲಬಲ್ಲದು. ಅತ್ತೆಯೂ ಈ ವ್ಯವಸ್ಥೆಯ ಬಲಿಪಶು ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ, ಅದು ನಿಜವೂ ಹೌದು. ಆ ಚರ್ಚೆ ಹೊರಗೆ ಬಂದ ಮೇಲೆ ಮಾಡೋಣ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. 12 ಗಂಟೆಗಳ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೊಳಗಾದವರು ನೂರಕ್ಕೆ ಸುಮಾರು 5, ಪಡೆಯದವರಲ್ಲಿ ಸುಮಾರು 10. ಅಲ್ಲಿ ಏಟುಗಳನ್ನಷ್ಟೇ ಕಲಿಸಲಿಲ್ಲ. ಪರಿಚಿತನ ಮೇಲೆ ಕೈಯೆತ್ತಲು ಅಡ್ಡಬರುವ ಈ ಹಿಂಜರಿಕೆಯ ಬಗ್ಗೆಯೂ ಕೂತು ಮಾತಾಡಿದರು.

ಕಾನೂನು ಏನೆನ್ನುತ್ತದೆ? ಸ್ವರಕ್ಷಣೆಯ ಹಕ್ಕು ದಂಡಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಅಪಾಯಕ್ಕೆ ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು, ಅಪಾಯ ಮುಗಿದ ಮೇಲೆ ಸೇಡಿಗೆ ಹೊಡೆಯುವಂತಿಲ್ಲ. ಆದರೆ ಪ್ರಾಣಭಯದಲ್ಲಿರುವವರು ತಮ್ಮ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಹೊಡೆಯಲಾಗದು ಎಂಬುದನ್ನು ಸುಪ್ರೀಂ ಕೋರ್ಟು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಒಪ್ಪಿದೆ. ದೂರು ಬರೆಸುವಾಗ "ಎಲ್ಲರೂ ಸೇರಿ ಹೊಡೆದರು" ಎಂದು ಬಿಡಬೇಡಿ. ಹಿಡಿದವರು ಯಾರು, ಬಾಗಿಲು ಹಾಕಿದವರು ಯಾರು, ಯಾವ ಕೈ, ಎಷ್ಟು ಹೊತ್ತು, ಒಂದೊಂದನ್ನೂ ಹೇಳಿ. ತೋಳಿನ ಮೇಲಿನ ಬೆರಳ ಗುರುತು ಮಾಸುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ.

"ಹೊಸ್ತಿಲು ದಾಟಿದರೆ ಮತ್ತೆ ಒಳಗೆ ಬಿಡೋಲ್ಲ" ಎಂಬ ಭಯಕ್ಕೇ ಎಷ್ಟೋ ಜನ ಬಾಗಿಲು ತೆರೆದಿದ್ದರೂ ಓಡುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಕಲಮು ನೆನಪಿಡಿ: ಮನೆ ಯಾರ ಹೆಸರಿನಲ್ಲೇ ಇರಲಿ, ನೀವು ಬಾಳಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. ರಾತ್ರಿ ಓಡಿಬಂದದ್ದರಿಂದ ಆ ಹಕ್ಕು ಹೋಗುವುದಿಲ್ಲ.

ಸರಿ, ಈಗ ಚಾಪೆ ಸುತ್ತಿಡಿ. ಮನೆಯ ನೆಲ ಗಟ್ಟಿ, ಇಲ್ಲಿಯೂ ಗಟ್ಟಿಯಾಗಿಯೇ ಇರಲಿ. ಚೂಡಿದಾರ್ ಹಾಕಿಕೊಂಡು ಬಂದವರು ಆಮೇಲೆ. ಸೀರೆಯಲ್ಲಿರುವವರು ಮೊದಲು ಬನ್ನಿ, ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳುವುದನ್ನು ಒಂದೇ ಕೈಯಲ್ಲಿ ಮಾಡಬೇಕು. ಮೂವರು ಆ ಕಡೆ, ಒಬ್ಬರು ಈ ಕಡೆ, ಒಬ್ಬರು ಬಾಗಿಲ ಆಚೆ ಪಕ್ಕದ ಮನೆಯವರಾಗಿ. ಹೆಸರು ಕೂಗುವುದನ್ನು ಮರೆಯಬೇಡಿ.